ಅಡಿಕೆ ತೋಟದ ಡಿಕ್ರಿಯೊಳಗೆ ‘ಮೀನ್’ ಬಂದದ್ದು ಎಲ್ಲಿಂದ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ನಿವೃತ್ತ ಶಾಲಾ ಮೇಷ್ಟ್ರು. ತಂದೆಯಿಂದ ಬಂದ ಎರಡು ಎಕರೆ ಅಡಿಕೆ ತೋಟವನ್ನು ಹನ್ನೊಂದು ವರ್ಷದಿಂದ ಬೇರೆಯವರು ಹಿಡಿದುಕೊಂಡು ಫಸಲು ತಿನ್ನುತ್ತಿದ್ದಾರೆ. ಒಂಬತ್ತು ವರ್ಷದ ಹಿಂದೆ ದಾವೆ ಹಾಕಿದೆ, ಗೆದ್ದೆ. ಡಿಕ್ರಿ ಆಗಿ ಎರಡು ವರ್ಷ ದಾಟಿತು. ಅವರು ಅಪೀಲು ಹೋಗಿಲ್ಲ, ಆದರೆ ತೋಟ ಇನ್ನೂ ನನ್ನ ಕೈಗೆ ಬಂದಿಲ್ಲ. ಡಿಕ್ರಿಯ ಕೊನೆಯಲ್ಲಿ ಒಂದು ಇಂಗ್ಲಿಷ್ ಪದ ಇದೆ. ‘ಎಂ, ಇ, ಎಸ್, ಎನ್, ಇ’ ಪ್ರಾಫಿಟ್ಸ್ ಬಗ್ಗೆ ಬೇರೆಯಾಗಿ ವಿಚಾರಣೆ ಆಗಬೇಕು ಅಂತ ಬರೆದಿದ್ದಾರೆ. ಇನ್ನೊಂದು ಪುಟದಲ್ಲಿ ಅದೇ ಪದ ‘ಎಂ, ಇ, ಎನ್, ಎಸ್, ಇ’ ಆಗಿದೆ. ನಮ್ಮ ವಕೀಲರು ಅದನ್ನು ‘ಮೀನ್ ಪ್ರಾಫಿಟ್ಸ್’ ಅನ್ನುತ್ತಾರೆ. ನಮ್ಮ ಮನೆಯವರು, ‘ಅಡಿಕೆ ತೋಟದಲ್ಲಿ ಮೀನು ಎಲ್ಲಿಂದ ಬಂತು ರೀ?’ ಅಂತ ನಗುತ್ತಾರೆ. ಎಂಜಿನಿಯರ್ ಮಗ, ‘ಮೀನ್ ಅಂದರೆ ಸರಾಸರಿ, ಕೋರ್ಟು ಸರಾಸರಿ ಲೆಕ್ಕ ಕಟ್ಟಿ ಕೊಡುತ್ತದೆ’ ಎನ್ನುತ್ತಾನೆ. ಪರಿಚಯದವರೊಬ್ಬರು, ‘ಮೀನ್ ಅಂದರೆ ನೀಚ, ಇದು ಅನ್ಯಾಯದ ಲಾಭಕ್ಕೆ ಹಾಕುವ ದಂಡ’ ಅಂದರು. ಇನ್ನೊಬ್ಬರು, ‘ಕಾಗುಣಿತ ತಪ್ಪಿದೆ, ಡಿಕ್ರಿ ನಿಲ್ಲಲ್ಲ’ ಅಂತ ಹೆದರಿಸಿದ್ದಾರೆ. ಈ ಪದ ಎಲ್ಲಿಯದು? ಇದರಿಂದ ನನಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಮೇಷ್ಟ್ರೇ, ಈ ಪದದಲ್ಲಿ ಎಡವದವರು ಕಡಿಮೆ. ನಾನು ಜೂನಿಯರ್ ಆಗಿದ್ದಾಗ ತುಂಬಿದ ಕೋರ್ಟ್ ಹಾಲಿನಲ್ಲಿ ಇದನ್ನು ‘ಮೆಸ್ನೆ ಪ್ರಾಫಿಟ್ಸ್’ ಅಂತ ಗಟ್ಟಿಯಾಗಿ ಓದಿದ್ದೆ. ಎದುರಿನ ವಕೀಲರು ಕೆಮ್ಮಿದರು. ಹೊರಗೆ ಬಂದ ಮೇಲೆ ನಮ್ಮ ಸೀನಿಯರ್, ‘ಅದರಲ್ಲಿ ಎಸ್ ಇದೆ, ಆದರೆ ಮೂಗ ಕಣಯ್ಯಾ. ಮೀನ್ ಅನ್ನು’ ಅಂದರು. ಮೂಗ ಯಾಕೆ ಅಂತ ಕೇಳಿದೆ. ‘ಹಾಗೇ ಬಂದಿದೆ’ ಅಂದುಬಿಟ್ಟರು. ಅದು ಎಲ್ಲಿಂದ ಬಂತು ಅನ್ನುವ ಹುಳ ಅವತ್ತೇ ತಲೆಗೆ ಹೊಕ್ಕಿತು. ನೀವು ಕೇಳಿದ್ದು ಒಳ್ಳೆಯದಾಯಿತು.

ನಿಮ್ಮ ಆತಂಕ ಎರಡು ಥರದ್ದು. ಪದವೇ ತಪ್ಪಾದರೆ ಹಕ್ಕು ಹೋಗುತ್ತದೆಯೇ ಅನ್ನುವುದು ಒಂದು. ಅದರ ಅರ್ಥ ಸರಾಸರಿಯೋ ದಂಡವೋ ಅನ್ನುವ ಗೊಂದಲ ಇನ್ನೊಂದು. ಪದ ತಪ್ಪಲ್ಲ, ಹಕ್ಕು ಎಲ್ಲಿಗೂ ಹೋಗಿಲ್ಲ. ಅರ್ಥವೂ ಬಹಳ ಸರಳ: ನಡುವಿನದು. ಬೇರೆಯವರು ನಿಮ್ಮ ತೋಟ ಹಿಡಿದ ದಿನಕ್ಕೂ ಅದು ನಿಮ್ಮ ಕೈಗೆ ಬರುವ ದಿನಕ್ಕೂ ನಡುವೆ ತೋಟದಿಂದ ಹುಟ್ಟಿದ ಆದಾಯ. ಹಳೆಯ ಕನ್ನಡ ಕಾಗದಪತ್ರಗಳಲ್ಲಿ ‘ಹುಟ್ಟುವಳಿ’ ಅನ್ನುವ ಚೆಂದದ ಮಾತಿತ್ತು. ನಡುಗಾಲದ ಹುಟ್ಟುವಳಿ ಅಂದರೆ ನಿಮ್ಮ ಮನೆಯವರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ.

ಇಷ್ಟು ಸರಳವಾದದ್ದಕ್ಕೆ ಇಂಥ ವೇಷ ಯಾಕೆ? ಅದಕ್ಕೆ ಇಂಗ್ಲೆಂಡಿಗೇ ಹೋಗಬೇಕು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಜೊತೆ ಬಂದ ದೊರೆಗಳು ಆಡುತ್ತಿದ್ದದ್ದು ಒಂದು ಬಗೆಯ ಫ್ರೆಂಚ್. ಕಾಲ ಕಳೆದಂತೆ ಅಲ್ಲಿನ ರಾಜನ ಕೋರ್ಟುಗಳಲ್ಲಿ ವಾದ ನಡೆಯುತ್ತಿದ್ದದ್ದು ಫ್ರೆಂಚಿನಲ್ಲಿ, ದಾಖಲೆ ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಹೊಲ ಉಳುವವನು ಮಾತ್ರ ಇಂಗ್ಲಿಷ್ ಆಡುತ್ತಿದ್ದ. ತನ್ನ ಕೇಸಿನಲ್ಲಿ ಏನು ನಡೆಯುತ್ತಿದೆ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಿಮ್ಮ ಡಿಕ್ರಿ ಕೈಯಲ್ಲಿ ಹಿಡಿದು ನೀವು ಕೂತಂತೆ ಅವನೂ ಕೂತಿರಬೇಕು. 1362ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಫ್ರೆಂಚ್ ಜನರಿಗೆ ತಿಳಿಯುವುದಿಲ್ಲ, ವಾದ ಇಂಗ್ಲಿಷಿನಲ್ಲೇ ನಡೆಯಲಿ ಅಂದಿತು. ತಮಾಷೆ ಏನೆಂದರೆ ಆ ಕಾನೂನನ್ನು ಬರೆದದ್ದೇ ಫ್ರೆಂಚಿನಲ್ಲಿ! ವಕೀಲರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ನಮ್ಮ ಕುಲದವರು ಎಲ್ಲ ಕಾಲದಲ್ಲೂ ಹಾಗೇ. ಟಿಪ್ಪಣಿಗಳಲ್ಲಿ, ತೀರ್ಪಿನ ವರದಿಗಳಲ್ಲಿ ಆ ಹಳೆಯ ಫ್ರೆಂಚ್ ಇನ್ನೂ ಮುನ್ನೂರು ವರ್ಷ ಕುಂಟಿತು.

ಅದು ಎಷ್ಟು ಕೆಟ್ಟುಹೋಯಿತು ಅನ್ನುವುದಕ್ಕೆ ಕಾನೂನು ಲೋಕದಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗ ಇದೆ. 1631ರಲ್ಲಿ ಸಾಲ್ಸ್‌ಬರಿ ಊರಿನಲ್ಲಿ ಮುಖ್ಯ ನ್ಯಾಯಾಧೀಶ ರಿಚರ್ಡ್‌ಸನ್ ಮೇಲೆ ಶಿಕ್ಷೆಯಾದ ಕೈದಿಯೊಬ್ಬ ಇಟ್ಟಿಗೆ ಚೂರು ಎಸೆದ. ಗುರಿ ಸ್ವಲ್ಪದರಲ್ಲಿ ತಪ್ಪಿತು. ವರದಿಕಾರ ಅದನ್ನು ‘ಜೆಕ್ಟ್ ಅನ್ ಬ್ರಿಕ್‌ಬ್ಯಾಟ್’, ‘ನ್ಯಾರೋಲಿ ಮಿಸ್ಟ್’ ಅಂತ ಬರೆದ. ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್, ನಡುವೆ ಲ್ಯಾಟಿನ್ ಒಗ್ಗರಣೆ. ನಾವು ‘ಮ್ಯಾಟರ್ ಅಡ್ಜರ್ನ್ ಆಯ್ತು, ಆರ್ಗ್ಯುಮೆಂಟ್‌ಗೆ ಪೋಸ್ಟ್ ಮಾಡಿದ್ದಾರೆ’ ಅನ್ನುವುದಿಲ್ಲವೇ? ಅದೇ ರೀತಿ. ಪಾಪ, ಕೈದಿಯ ಕಥೆ ಮಾತ್ರ ನಗುವಂಥದ್ದಲ್ಲ. ಅವನ ಬಲಗೈ ಕಡಿದು, ಕೋರ್ಟಿನ ಎದುರಿಗೇ ಗಲ್ಲಿಗೆ ಹಾಕಿದರು. ಕೋರ್ಟಿನ ಕಾಗದಗಳೆಲ್ಲ ಇಂಗ್ಲಿಷಿನಲ್ಲೇ ಇರಬೇಕು ಅನ್ನುವ ಕಾನೂನು ಗಟ್ಟಿಯಾಗಿ ಜಾರಿಗೆ ಬಂದದ್ದು 1733ರಲ್ಲಿ. ಅಷ್ಟು ಹೊತ್ತಿಗೆ ನೂರಾರು ಫ್ರೆಂಚ್ ಪದಗಳು ಇಂಗ್ಲಿಷ್ ಕಾನೂನಿನೊಳಗೆ ಬೇರು ಬಿಟ್ಟಾಗಿತ್ತು. ನಿಮ್ಮ ಡಿಕ್ರಿಯ ‘ಮೀನ್’ ಅವುಗಳಲ್ಲಿ ಒಂದು.

ಇನ್ನು ಆ ಮೂಗ ಎಸ್ ವಿಚಾರ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಪದದ ಮೂಲ ಲ್ಯಾಟಿನ್ನಿನ ‘ಮೀಡಿಯಾನುಸ್’. ನಡುವೆ ಇರುವುದು ಅಂತ ಅರ್ಥ. ಅದರಲ್ಲಿ ನಡುವೆ ಎಲ್ಲೂ ಎಸ್ ಇಲ್ಲ. ಫ್ರೆಂಚಿಗೆ ಬಂದಾಗ ಅದು ಸವೆದು ‘ಮೆಯೆನ್’, ‘ಮೀನ್’ ಎಂಬಂತಾಯಿತು. ಅಲ್ಲೂ ಎಸ್ ಇಲ್ಲ. ಹಾಗಾದರೆ ಬಂದದ್ದು ಹೇಗೆ? ಹಳೆಯ ಫ್ರೆಂಚಿನಲ್ಲಿ ಇನ್ನೊಂದು ವ್ಯಂಜನಕ್ಕೆ ಮೊದಲು ಬರುವ ಎಸ್ ಬಾಯಲ್ಲಿ ಸತ್ತುಹೋಯಿತು, ಬರವಣಿಗೆಯಲ್ಲಿ ಉಳಿಯಿತು. ಬರೆಯುವ ಗುಮಾಸ್ತರಿಗೆ, ಕೇಳಿಸದಿದ್ದರೂ ಅಲ್ಲೊಂದು ಎಸ್ ಇರುತ್ತದೆ ಅನ್ನುವ ಭಯ. ಆ ಭಯದಲ್ಲಿ ಎಂದೂ ಇಲ್ಲದ ಕಡೆಯೂ ಒಂದು ಎಸ್ ತುರುಕಿದರು.

ನಮ್ಮಲ್ಲಿ ಹಕಾರ ಬಿಡುವ ಅಭ್ಯಾಸ ಇರುವವರು ತಪ್ಪಾದೀತು ಅಂತ ಹೆದರಿ, ಬೇಡದ ಕಡೆ ಹ ಸೇರಿಸಿ ‘ಆದರದ ಸ್ವಾಗತ’ವನ್ನು ‘ಹಾದರದ ಸ್ವಾಗತ’ ಮಾಡಿದ ಹಳೇ ಜೋಕು ನಿಮಗೆ ಗೊತ್ತಿರಬೇಕು. ಮೇಷ್ಟ್ರಾಗಿ ಕಾಪಿ ಪುಸ್ತಕಗಳಲ್ಲಿ ತಿದ್ದಿಯೂ ಇರುತ್ತೀರಿ. ಆ ಗುಮಾಸ್ತರು ಮಾಡಿದ್ದೂ ಅದನ್ನೇ. ವ್ಯತ್ಯಾಸ ಇಷ್ಟೇ, ಅವರ ತಪ್ಪನ್ನು ತಿದ್ದುವ ಮೇಷ್ಟ್ರು ಇರಲಿಲ್ಲ. ಹಾಗಾಗಿ ಅದೇ ಶಾಸ್ತ್ರವಾಯಿತು.

ನಮ್ಮ ಕೋರ್ಟುಗಳಲ್ಲಿ ಇದಕ್ಕೆ ಇನ್ನೊಬ್ಬ ಜೊತೆಗಾರ ಇದ್ದಾನೆ. ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು ಉಳಿದವರನ್ನು ‘ಪ್ಯೂನಿ ಜಡ್ಜ್’ ಅನ್ನುತ್ತಾರೆ. ಬರೆಯುವಾಗ ಅದರಲ್ಲೂ ಒಂದು ಎಸ್ ಸುಮ್ನೆ ಕೂತಿರುತ್ತದೆ. ಅದು ಫ್ರೆಂಚಿನಲ್ಲಿ ‘ಆಮೇಲೆ ಹುಟ್ಟಿದವನು’ ಅನ್ನುವ ಮಾತು. ಕಿರಿಯ ಅಂತ ಅರ್ಥ. ಇಂಗ್ಲಿಷಿನಲ್ಲಿ ಪುಟ್ಟದು, ಬಡಕಲು ಅನ್ನುವುದಕ್ಕೆ ಬಳಸುವ ‘ಪ್ಯೂನಿ’ಯೂ ಅದೇ ಪದ. ನ್ಯಾಯಮೂರ್ತಿಗಳ ಎದುರಿಗೆ ಈ ವಿಷಯ ಎತ್ತದೇ ಇರುವುದು ಕ್ಷೇಮ.

‘ಎಸ್ ಇದೆಯಲ್ಲ, ಇದು ಗ್ರೀಕಿನ ಮೆಸೋಸ್‌ನಿಂದ ಬಂದಿರಬೇಕು’ ಅನ್ನುವ ಜಾಣರೂ ಇದ್ದಾರೆ. ಎರಡು ನದಿಗಳ ನಡುವಿನ ನಾಡು ಮೆಸೊಪೊಟೇಮಿಯಾ ಅನ್ನುವಲ್ಲಿ ಇರುವ ‘ಮೆಸೊ’ ಅದು. ಅರ್ಥ ನಡು ಎಂದೇ. ಆದರೆ ನಮ್ಮ ಪದದ ಎಸ್ ಅಲ್ಲಿಂದ ಬಂದದ್ದಲ್ಲ. ಹಾಗಂತ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಗ್ರೀಕಿನ ಮೆಸೋಸ್, ಲ್ಯಾಟಿನ್ನಿನ ಮೀಡಿಯಸ್, ಇಂಗ್ಲಿಷಿನ ಮಿಡ್, ಸಂಸ್ಕೃತದ ಮಧ್ಯ, ಇವೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳು. ನಾವು ದಿನಾ ಆಡುವ ‘ಮಧ್ಯ’ ಸಂಸ್ಕೃತದಿಂದ ಬಂದದ್ದು ತಾನೇ? ‘ನಡು’ ನಮ್ಮದೇ ಸ್ವಂತ ಪದ, ಅದು ಬೇರೆ ಕುಟುಂಬ. ನಿಮ್ಮ ಡಿಕ್ರಿಯ ಆ ಅಪರಿಚಿತ ಪದ ನಮ್ಮ ‘ಮಧ್ಯ’ದ ದೂರದ ದಾಯಾದಿ, ಫ್ರೆಂಚ್ ಕೋಟು ಹಾಕಿಕೊಂಡು ಬಂದಿದೆ, ಅಷ್ಟೇ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನು ಪೂರ್ತಿ ತಪ್ಪಿಲ್ಲ. ಗಣಿತದ ‘ಮೀನ್’, ಅಂದರೆ ಸರಾಸರಿ, ಅದೂ ಇದೇ ಮೀಡಿಯಾನುಸ್‌ನಿಂದ ಬಂದದ್ದು. ದೊಡ್ಡ ಸಂಖ್ಯೆಗೂ ಸಣ್ಣ ಸಂಖ್ಯೆಗೂ ನಡುವಿನದು. ಒಂದೇ ಬೇರು, ಎರಡು ಕೊಂಬೆ. ಗಣಿತದ್ದು ಸಂಖ್ಯೆಗಳ ನಡು, ಕೋರ್ಟಿನದ್ದು ಎರಡು ದಿನಾಂಕಗಳ ನಡು. ಕೋರ್ಟು ಸರಾಸರಿ ತೆಗೆದು ಕೊಡುತ್ತದೆ ಅನ್ನುವುದು ಈ ಪದದ ಅರ್ಥದಲ್ಲಿಲ್ಲ. ಲೆಕ್ಕ ಹಾಕುವಾಗ ಸರಾಸರಿ ಇಳುವರಿ ಹಿಡಿದರೂ ಹಿಡಿಯಬಹುದು, ಅದು ಬೇರೆ ಮಾತು. ನೀಚ ಅನ್ನುವ ‘ಮೀನ್’ ಮಾತ್ರ ಬೇರೆಯದೇ ಪದ. ಅದು ಇಂಗ್ಲಿಷಿನ ಸ್ವಂತ ಹಳೇ ಪದ, ಮೊದಲಿಗೆ ‘ಎಲ್ಲರಿಗೂ ಸೇರಿದ, ಸಾಮಾನ್ಯ’ ಅಂತ ಅರ್ಥ ಇತ್ತು. ಸಾಮಾನ್ಯದಿಂದ ಕೀಳು, ಕೀಳಿನಿಂದ ನೀಚ, ಹೀಗೆ ಇಳಿಯುತ್ತಾ ಹೋಯಿತು. ನಿಮ್ಮ ಪರಿಚಯದವರು ಉಚ್ಚಾರಣೆ ಕೇಳಿ ಮೋಸ ಹೋಗಿದ್ದಾರೆ.

ಪದ ಮೊದಲು ಕೋರ್ಟಿಗೆ ಬಂದದ್ದು ಲಾಭದ ಜೊತೆ ಮಾತ್ರವಲ್ಲ, ಮನುಷ್ಯರ ಜೊತೆಗೂ. ನಾರ್ಮನ್ನರ ಲೆಕ್ಕದಲ್ಲಿ ಭೂಮಿಯೆಲ್ಲ ರಾಜನದು. ರಾಜ ದೊಡ್ಡ ದೊರೆಗೆ ಕೊಟ್ಟ. ದೊಡ್ಡ ದೊರೆ ಸಣ್ಣ ದೊರೆಗೆ ಕೊಟ್ಟ. ಅವನು ಇನ್ನೊಬ್ಬನಿಗೆ. ಮೇಲೊಬ್ಬ, ಕೆಳಗೊಬ್ಬ ಇದ್ದು ನಡುವೆ ಸಿಕ್ಕಿಕೊಂಡವನು ‘ಮೀನ್ ಲಾರ್ಡ್’, ನಡುವಿನ ದಣಿ. ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಅಲ್ಲಿ ಮೇಲೆ ಮೂಲವರ್ಗದಾರ, ನಡುವೆ ಮೂಲಗೇಣಿದಾರ, ಅವನಿಂದ ಪಡೆದು ಉಳುವ ಚಾಲಗೇಣಿದಾರ. ವ್ಯವಸ್ಥೆ ಬೇರೆ, ನಡುವೆ ಒಬ್ಬ ನಿಂತು ಕೆಳಗಿನವನಿಂದ ಪಡೆದು ಮೇಲಿನವನಿಗೆ ಕೊಡುವ ಏರ್ಪಾಡು ಮಾತ್ರ ಕಣ್ಣಿಗೆ ಕಟ್ಟುವಷ್ಟು ಹತ್ತಿರ.

ನಡುವಿನ ದಣಿ ಇದ್ದ ಕಡೆ ತಕರಾರು ತಪ್ಪುತ್ತದೆಯೇ? ಉಳುವವನು ನಡುವಿನವನಿಗೆ ಸರಿಯಾಗಿ ಕೊಟ್ಟಿರುತ್ತಿದ್ದ. ನಡುವಿನವನು ಮೇಲಿನವನಿಗೆ ಕೊಡದೆ ಕೂತಿರುತ್ತಿದ್ದ. ಮೇಲಿನ ದಣಿ ಬಂದು ಉಳುವವನ ದನಕರು ಹೊಡೆದುಕೊಂಡು ಹೋಗುತ್ತಿದ್ದ. ಆಗ ಬಡಪಾಯಿ ಕೋರ್ಟಿಗೆ ಹೋಗಿ ನಡುವಿನವನ ಮೇಲೆ ಕೇಳುತ್ತಿದ್ದ ಪರಿಹಾರಕ್ಕೆ ‘ರಿಟ್ ಆಫ್ ಮೀನ್’ ಅಂತಲೇ ಹೆಸರು. ಲ್ಯಾಟಿನ್ ದಾಖಲೆಗಳಲ್ಲಿ ಅದು ‘ಡಿ ಮೀಡಿಯೊ’. 1290ರಲ್ಲಿ ಒಂದನೇ ಎಡ್ವರ್ಡ್ ರಾಜ ‘ಕ್ವಿಯಾ ಎಂಪ್ಟೋರೆಸ್’ ಅನ್ನುವ ಕಾನೂನು ತಂದ. ಭೂಮಿ ಕೊಂಡವನು ಮಾರಿದವನ ಜಾಗಕ್ಕೇ ಬರಬೇಕು, ನಡುವೆ ಹೊಸ ದಣಿ ಹುಟ್ಟಬಾರದು ಅನ್ನುವುದು ಅದರ ತಿರುಳು. ಹೊಸ ನಡುವಿನ ದಣಿಗಳು ಹುಟ್ಟುವುದು ನಿಂತಿತು. ಪದ ಮಾತ್ರ ಬೇರೆ ಕೆಲಸ ಹುಡುಕಿಕೊಂಡಿತು. ದಾವೆ ಶುರುವಾಗುವ ಹುಕುಂಗೂ ಕೊನೆಯ ಹುಕುಂಗೂ ನಡುವೆ ಹೊರಡುವ ಹುಕುಂ ‘ಮೀನ್ ಪ್ರೊಸೆಸ್’ ಆಯಿತು. ತೀರ್ಪಿಗೂ ಮೊದಲೇ ಸಾಲಗಾರರನ್ನು ಹಿಡಿದು ಜೈಲಿಗೆ ಹಾಕುತ್ತಿದ್ದದ್ದು ಇದರಡಿಯೇ. ಆ ಕಾಟಕ್ಕೆ ದೊಡ್ಡ ಮಟ್ಟಿಗೆ ಕೊನೆ ಬಿದ್ದದ್ದು 1838ರ ಕಾನೂನಿನಿಂದ.

ನಮಗೆ ಬೇಕಾದ ‘ಮೀನ್ ಪ್ರಾಫಿಟ್ಸ್’ ಬೆಳೆದದ್ದು ಒಂದು ನಾಟಕದ ಬೆನ್ನಿಗೆ. ಹಳೆಯ ಇಂಗ್ಲಿಷ್ ಕೋರ್ಟಿನಲ್ಲಿ ಭೂಮಿಯ ಒಡೆತನದ ದಾವೆ ಸಿಕ್ಕಾಪಟ್ಟೆ ಜಟಿಲ. ಅದನ್ನು ತಪ್ಪಿಸಲು ವಕೀಲರು ‘ಇಜೆಕ್ಟ್‌ಮೆಂಟ್’ ಅನ್ನುವ ಸುಲಭದ ದಾವೆಗೆ ಜೋತುಬಿದ್ದರು. ಅದು ಮೂಲದಲ್ಲಿ ಗೇಣಿದಾರನನ್ನು ಹೊರಹಾಕಿದಾಗ ಹಾಕುವ ದಾವೆ. ಒಡೆಯನಿಗೆ ಅದು ಬೇಕೆಂದರೆ ಒಬ್ಬ ಗೇಣಿದಾರ ಇರಬೇಕಲ್ಲ? ಹಾಗಾಗಿ ಕಾಗದದ ಮೇಲೆ ಜಾನ್ ಡೋ ಅನ್ನುವ ಗೇಣಿದಾರನನ್ನು ಹುಟ್ಟಿಸಿದರು. ಅವನನ್ನು ಹೊರದಬ್ಬಿದವನು ರಿಚರ್ಡ್ ರೋ. ಇಬ್ಬರೂ ಇಲ್ಲದ ಮನುಷ್ಯರು! ನ್ಯಾಯಾಧೀಶರಿಗೂ ಗೊತ್ತು, ವಕೀಲರಿಗೂ ಗೊತ್ತು. ಈ ಸುಳ್ಳು ಕಥೆಯ ಮೇಲೆ ತಲೆಮಾರುಗಟ್ಟಲೆ ನಿಜವಾದ ಭೂಮಿಗಳ ವ್ಯಾಜ್ಯ ತೀರಿದವು. ಈ ಬೊಂಬೆಗಳನ್ನು ಕಾನೂನು ಓಡಿಸಿದ್ದು 1852ರಲ್ಲಿ.

ಇದರಲ್ಲಿ ಒಂದು ತೊಡಕಿತ್ತು. ಗೆದ್ದರೆ ಭೂಮಿ ಸಿಗುತ್ತಿತ್ತು, ನಷ್ಟದ ಬಾಬ್ತು ಹೆಸರಿಗೆ ಮಾತ್ರ ಚಿಲ್ಲರೆ ಕಾಸು. ಅಷ್ಟು ವರ್ಷ ತಿಂದ ಫಸಲು? ಅದಕ್ಕೆ ಎರಡನೇ ದಾವೆ ಹಾಕಬೇಕಿತ್ತು. ಆ ಎರಡನೇ ದಾವೆಯೇ ಮೀನ್ ಪ್ರಾಫಿಟ್ಸ್‌ನದು. ಇಂಗ್ಲಿಷ್ ಕಾನೂನಿನ ಮೇಲೆ ಬರೆದ ಹೆಸರಾಂತ ಗ್ರಂಥದ, 1768ರಲ್ಲಿ ಬಂದ ಮೂರನೇ ಸಂಪುಟದಲ್ಲಿ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಈ ಪದ್ಧತಿಯನ್ನು ವಿವರಿಸಿದ್ದಾನೆ. ನಿಮ್ಮ ಡಿಕ್ರಿಯಲ್ಲಿ ‘ಬೇರೆಯಾಗಿ ವಿಚಾರಣೆ’ ಅಂತ ಇದೆಯಲ್ಲ, ಅದನ್ನು ಓದಿದಾಗೆಲ್ಲ ನನಗೆ ಆ ಎರಡು ದಾವೆಗಳ ನೆನಪಾಗುತ್ತದೆ. ನಮ್ಮಲ್ಲಿ ಒಂದೇ ದಾವೆಯಲ್ಲಿ ಎರಡನ್ನೂ ಕೇಳಬಹುದು. ಲೆಕ್ಕದ ಭಾಗ ಮಾತ್ರ ಈಗಲೂ ಹಿಂದುಳಿದು, ಆಮೇಲೆ ಬರುತ್ತದೆ.

ಇಲ್ಲಿಗೆ ಬಂದಾಗ ಈ ಪದಕ್ಕೆ ಒಬ್ಬ ಎದುರಾಳಿ ಇದ್ದ. ಬಂಗಾಳದ ಕೋರ್ಟುಗಳಲ್ಲಿ ಇದೇ ಹಣಕ್ಕೆ ‘ವಾಸಿಲಾತ್’ ಅನ್ನುತ್ತಿದ್ದರು. ಪಾರ್ಸಿ ಮೂಲಕ ಬಂದ ಅರಬ್ಬಿ ಪದ. ನಾವು ಬಡ್ಡಿ ವಸೂಲಿ, ಕಂದಾಯ ವಸೂಲಿ ಅನ್ನುತ್ತೇವಲ್ಲ, ಆ ‘ವಸೂಲಿ’ ಅದರ ಒಡಹುಟ್ಟಿದ್ದು. ಕೈಗೆ ಬಂದದ್ದು ಅಂತ ಅರ್ಥ. 1859ರ ಸಿವಿಲ್ ಪ್ರಕ್ರಿಯೆಯ ಸಂಹಿತೆಯಲ್ಲಿ ಇಂಗ್ಲಿಷ್ ಪದ ಕೂತುಕೊಂಡಿತು. 1908ರ ಸಂಹಿತೆಯಲ್ಲೂ ಅದೇ ಉಳಿಯಿತು. ವಾಸಿಲಾತ್ ಹಳೇ ತೀರ್ಪುಗಳೊಳಗೆ ಮಲಗಿತು. ನನ್ನ ಮಟ್ಟಿಗೆ ಇದು ನಷ್ಟವೇ. ವಾಸಿಲಾತ್ ಅಂದಿದ್ದರೆ ನಿಮಗೆ ಅರ್ಧವಾದರೂ ಹೊಳೆಯುತ್ತಿತ್ತು, ಅಲ್ವಾ?

ಕನ್ನಡಕ್ಕೆ ತರುವಾಗ ಕೆಲವರು ಇದನ್ನು ‘ಮಧ್ಯಂತರ ಲಾಭ’ ಅನ್ನುತ್ತಾರೆ. ಪದಕ್ಕೆ ಪದ ಸರಿ. ಆದರೆ ಕಕ್ಷಿದಾರರು ದಾರಿ ತಪ್ಪುವುದನ್ನು ಕಣ್ಣಾರೆ ನೋಡಿದ್ದೇನೆ. ಕೋರ್ಟಿನಲ್ಲಿ ‘ಮಧ್ಯಂತರ ಆದೇಶ’ ಅಂದರೆ ಕೇಸು ಮುಗಿಯುವ ಮೊದಲು ಸಿಗುವ ತಾತ್ಕಾಲಿಕ ಆದೇಶ. ಹಾಗಾಗಿ ಮಧ್ಯಂತರ ಲಾಭವೂ ಕೇಸಿನ ನಡುವೆ ಸಿಗುವ ತಾತ್ಕಾಲಿಕ ಹಣ ಅಂದುಕೊಂಡು, ಡಿಕ್ರಿಯಾದ ಮೇಲೆ ಕೇಳುವುದನ್ನೇ ಬಿಟ್ಟವರಿದ್ದಾರೆ. ಹಿಂದಿಯವರು ‘ಅಂತಃಕಾಲೀನ ಲಾಭ’ ಅಂತ ಮಾಡಿಕೊಂಡಿದ್ದಾರೆ. ‘ಕಾಲ’ ಇರುವುದರಿಂದ ಸ್ವಲ್ಪ ವಾಸಿ.

‘ಪ್ರಾಫಿಟ್ಸ್’ ಅನ್ನುವುದೂ ಅಂಗಡಿಯ ಲಾಭವಲ್ಲ. ಹಳೇ ಅರ್ಥದಲ್ಲಿ ಅದು ಭೂಮಿಯ ಫಲ. ಸಂಹಿತೆಯ 2ನೇ ಕಲಮಿನ 12ನೇ ಉಪಕಲಮು ಹೇಳುವುದು ಇಷ್ಟು: ಹಕ್ಕಿಲ್ಲದೆ ಸ್ವಾಧೀನದಲ್ಲಿ ಇದ್ದವನು ಆ ಆಸ್ತಿಯಿಂದ ನಿಜವಾಗಿ ಪಡೆದದ್ದು, ಅಥವಾ ಸಾಮಾನ್ಯ ಶ್ರದ್ಧೆಯಿಂದ ನೋಡಿಕೊಂಡಿದ್ದರೆ ಪಡೆಯಬಹುದಾಗಿದ್ದದ್ದು, ಅದರ ಮೇಲೆ ಬಡ್ಡಿ. ಅವನು ತಾನೇ ಮಾಡಿದ ಸುಧಾರಣೆಯಿಂದ ಬಂದ ಹೆಚ್ಚಿನ ಲಾಭ ಇದರಲ್ಲಿ ಸೇರುವುದಿಲ್ಲ.

ಇದನ್ನು ನಿಮ್ಮ ತೋಟಕ್ಕೆ ಹಚ್ಚಿ ನೋಡಿ. ಅವರು ತೋಟಕ್ಕೆ ಗೊಬ್ಬರ, ನೀರು ಸರಿಯಾಗಿ ಕೊಡದೆ ಫಸಲು ಕೆಡಿಸಿಕೊಂಡು, ‘ನನಗೆ ಬಂದದ್ದೇ ಇಷ್ಟು’ ಅಂದರೆ ನಡೆಯುವುದಿಲ್ಲ. ಪಕ್ಕದ ತೋಟದಲ್ಲಿ ಬರುವಷ್ಟು ಬರಬೇಕಿತ್ತು ಅಂತ ನೀವು ತೋರಿಸಬಹುದು. ಹಾಗೆಯೇ, ನಿಮ್ಮ ಮರಗಳಿಗೆ ಅವರು ಹೊಸದಾಗಿ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಆ ಮೆಣಸಿನ ಹಣ ನಿಮಗೆ ಸಿಗುವುದು ಕಷ್ಟ. ನಿಮ್ಮ ಕಾಲದಲ್ಲೇ ಬಳ್ಳಿ ಇತ್ತು ಅಂತಾದರೆ ಲೆಕ್ಕ ಬೇರೆ. ಕೊಯ್ಲು, ಸುಲಿಯುವ ಕೂಲಿಯಂಥ ನ್ಯಾಯವಾದ ಖರ್ಚನ್ನು ಕೋರ್ಟು ಸಾಮಾನ್ಯವಾಗಿ ಕಳೆಯುತ್ತದೆ. ಅಳತೆಗೋಲು ನಿಮಗೆ ಎಷ್ಟು ನೋವಾಯಿತು ಅನ್ನುವುದಲ್ಲ, ಆ ಭೂಮಿ ಹಿಡಿದವನಿಗೆ ಎಷ್ಟು ಒದಗಿತು ಅನ್ನುವುದು. 1963ರ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ನೋಡಿತು. ಹಾಗಾಗಿ ದಂಡ ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡಿ. ದಂಡ ಅಂದುಕೊಂಡು ಬಾಯಿಗೆ ಬಂದ ಮೊತ್ತ ಕೇಳಿದವರು ಸಾಕ್ಷಿ ಕಟ್ಟೆಯಲ್ಲಿ ಬೆವರುವುದನ್ನು ಬಹಳ ಸಲ ನೋಡಿದ್ದೇನೆ.

ಕಾಗುಣಿತದ ಭಯ ಬಿಡಿ. ಅಕ್ಷರ ಅದಲುಬದಲಾದ ಮಾತ್ರಕ್ಕೆ ಡಿಕ್ರಿ ಬೀಳುವುದಿಲ್ಲ. ಮೊದಲು ಕೋರ್ಟಿನ ಮೂಲ ಪ್ರತಿಯಲ್ಲೂ ತಪ್ಪಿದೆಯೋ, ನಕಲು ಟೈಪ್ ಮಾಡುವಾಗ ಆದದ್ದೋ ನೋಡಿಸಿ. ಮೂಲದಲ್ಲೇ ಇದ್ದರೆ 152ನೇ ಕಲಮಿನಡಿ ಒಂದು ಅರ್ಜಿ ಸಾಕು. ಕೈತಪ್ಪಿನ ದೋಷ ತಿದ್ದಲು ಇರುವ ಕಲಮು ಅದು.

ಗಾಬರಿ ಆಗಬೇಕಾದದ್ದು ದಿನಾಂಕಕ್ಕೆ. ‘ನಡು’ ಅಂದ ಮೇಲೆ ಅದಕ್ಕೆ ಎರಡು ತುದಿ ಇರಬೇಕಲ್ಲ? ಈ ಕಡೆಯ ತುದಿ: ದಾವೆಗೂ ಮುಂಚಿನ ಎರಡು ವರ್ಷದ ಫಸಲನ್ನು ನಿಮ್ಮ ದಾವಾಪತ್ರದಲ್ಲಿ ಕೇಳಿದ್ದೀರಾ, ಅದಕ್ಕೆ ಕೋರ್ಟ್ ಫೀ ಕಟ್ಟಿದ್ದೀರಾ, ಡಿಕ್ರಿ ಅದನ್ನು ಒಪ್ಪಿದೆಯೇ, ನೋಡಿ. ಇಂಥ ಹಣಕ್ಕೆ ವಾಯಿದೆ ಮೂರು ವರ್ಷ. ಆಗ ಕೇಳಿರದಿದ್ದರೆ ಈಗ ಆಸೆ ಇಟ್ಟುಕೊಳ್ಳಬೇಡಿ. ಆ ಕಡೆಯ ತುದಿ: ಆದೇಶ 20ರ ನಿಯಮ 12ರ ಪ್ರಕಾರ, ದಾವೆ ಹಾಕಿದ ದಿನದಿಂದ ತೋಟ ನಿಮ್ಮ ಕೈಗೆ ಬರುವವರೆಗೆ, ಅಥವಾ ಅವರು ಕೋರ್ಟಿನ ಮೂಲಕ ನೋಟಿಸು ಕೊಟ್ಟು ಬಿಡುವವರೆಗೆ, ಅಥವಾ ಡಿಕ್ರಿಯಾಗಿ ಮೂರು ವರ್ಷ ಆಗುವವರೆಗೆ. ಮೂರರಲ್ಲಿ ಯಾವುದು ಮೊದಲೋ ಅಲ್ಲಿಗೆ ನಿಲ್ಲುತ್ತದೆ. ಡಿಕ್ರಿ ಜಾರಿಗೆ ಹನ್ನೆರಡು ವರ್ಷ ಇದೆ ಅಂತ ಆರಾಮಾಗಿ ಇರುವವರು ಮುಗ್ಗರಿಸುವುದು ಇಲ್ಲೇ. ನಿಮಗೆ ಎರಡು ವರ್ಷ ಆಗಲೇ ದಾಟಿದೆ. ಮೂರು ದಾಟಿದರೆ ಆಮೇಲಿನ ಫಸಲಿಗೆ ಮತ್ತೊಂದು ದಾವೆ, ಮತ್ತೊಂದು ಕೋರ್ಟ್ ಫೀ.

ನಿಮ್ಮ ಜಾಗದಲ್ಲಿ ನಾನಿದ್ದರೆ ತೋಟದ ಜಾರಿ ಅರ್ಜಿಯನ್ನೂ ಲೆಕ್ಕದ ವಿಚಾರಣೆಯ ಅರ್ಜಿಯನ್ನೂ ಒಟ್ಟಿಗೆ ನಡೆಸುತ್ತಿದ್ದೆ. ಲೆಕ್ಕ ತೆಗೆಯಲು ಕೋರ್ಟು ಕಮಿಷನರನ್ನು ನೇಮಿಸಬಹುದು. ಆ ಶುಲ್ಕ ಮೊದಲಿಗೆ ನಿಮ್ಮ ಜೇಬಿನಿಂದ ಹೋಗುವ ಸಾಧ್ಯತೆ ಇದೆ, ವರದಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ಕೆಲವರು ‘ಮೊದಲು ತೋಟ ಬರಲಿ, ಲೆಕ್ಕ ಆಮೇಲೆ’ ಅನ್ನುತ್ತಾರೆ. ಮನಸ್ಸಿಗೆ ಹಗುರ, ನಿಜ. ಆದರೆ ಅಷ್ಟರಲ್ಲಿ ಸಾಕ್ಷಿಗಳು ಕರಗುತ್ತವೆ. ಅಡಿಕೆ ಗೊನೆ ಕೊಯ್ದ ಆಳು ಊರು ಬಿಟ್ಟಿರುತ್ತಾನೆ, ಚೇಣಿ ಅಂದರೆ ಫಸಲಿನ ಗುತ್ತಿಗೆ ಹಿಡಿದವನಿಗೆ ನೆನಪಿರುವುದಿಲ್ಲ.

ಒಂದಷ್ಟು ಹಣಕ್ಕೆ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಎಷ್ಟೋ ಸಲ ನಾನೇ ಅದನ್ನು ಹೇಳಿದ್ದೇನೆ, ಯಾಕೆಂದರೆ ಒಂಬತ್ತು ವರ್ಷ ಅಲೆದವರಿಗೆ ಇನ್ನೂ ನಾಲ್ಕು ವರ್ಷ ಅಲೆಯಿರಿ ಅನ್ನಲು ಬಾಯಿ ಬರುವುದಿಲ್ಲ. ಆದರೆ ಪಂಚಾಯ್ತಿ ಕಟ್ಟೆಯ ಮೇಲೆ ಕೈಗೆ ಕೈ ಕೊಟ್ಟು ಮುಗಿಸಬೇಡಿ. ಡಿಕ್ರಿಯ ಬಾಬ್ತು ಹೊರಗೆ ಆದ ಹೊಂದಾಣಿಕೆಯನ್ನು ಕೋರ್ಟಿನಲ್ಲಿ ದಾಖಲು ಮಾಡಿಸದಿದ್ದರೆ ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮತ್ತು ರಾಜಿಪತ್ರದಲ್ಲಿ ‘ಇನ್ನಾವ ತಕರಾರೂ ಇಲ್ಲ’ ಅಂತ ಸಹಿ ಮಾಡುವ ಮೊದಲು, ತೋಟ ಬಿಟ್ಟುಕೊಡುವ ದಿನಾಂಕ ಅದರಲ್ಲಿ ಇದೆಯೇ ಅಂತ ಎರಡು ಸಲ ಓದಿ.

ಈ ವಾರ ವಕೀಲರ ಬಳಿ ಹೋಗುವಾಗ ಅವರ ಕೈಗೆ ಕೊಡಲು ಸ್ವಲ್ಪ ಸಾಮಾನು ಒಟ್ಟು ಮಾಡಿ. ನಿಮ್ಮ ತಂದೆಯ ಕಾಲದ ಮಂಡಿ ಪಟ್ಟಿಗಳು ಹಳೇ ಟ್ರಂಕಿನಲ್ಲಿ ಇದ್ದೇ ಇರುತ್ತವೆ. ವರ್ಷಕ್ಕೆ ಎಷ್ಟು ಕ್ವಿಂಟಲ್ ಹೋಗುತ್ತಿತ್ತು, ಅದರಲ್ಲಿ ರಾಶಿ ದರ್ಜೆಯ ಅಡಿಕೆ ಎಷ್ಟು, ಬೆಟ್ಟೆ ದರ್ಜೆಯದು ಎಷ್ಟು ಅಂತ ಅವು ಹೇಳುತ್ತವೆ. ಪಹಣಿ ತೆಗೆಸಿ. ಪಕ್ಕದ ತೋಟದವರು ಈ ವರ್ಷಗಳಲ್ಲಿ ಕೊಟ್ಟ ಅಡಿಕೆಯ ಲೆಕ್ಕ ತೋರಿಸಲು ಒಪ್ಪುತ್ತಾರೆಯೇ, ವಿಚಾರಿಸಿ. ಅರ್ಜಿಯನ್ನು ಕನ್ನಡದಲ್ಲೇ ಬರೆಸುವುದಾದರೆ ಡಿಕ್ರಿಯ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಡಿಸಿ, ಪಕ್ಕದಲ್ಲಿ ‘ನಡುಗಾಲದ ಹುಟ್ಟುವಳಿ’ ಅಂತ ಒಂದು ಮಾತು ಸೇರಿಸಲು ಹೇಳಿ. ಕೋರ್ಟು ಬೇಡ ಅನ್ನಲಾರದು. ನಿಮ್ಮ ಮನೆಯವರೂ ಮೀನಿನ ಮಾತು ಬಿಡಬಹುದು.